ಸಭಾಕಂಪವೂ ನುಡಿಯ ಕಾಯಕವೂ

ಮನುಷ್ಯನಿಗೆ ದೊರೆತ ಸಂಪತ್ತುಗಳಲ್ಲಿ ಮಾತು ಹಿರಿಯದು. ಹಸಿದವನು ಅನ್ನವನ್ನು ಕೇಳುವುದು ಮಾತಿನಿಂದ. ನೊಂದವನು ಎದೆಯ ಭಾರವನ್ನು ಇಳಿಸಿಕೊಳ್ಳುವುದು ಮಾತಿನಿಂದ. ಗುರುವು ಶಿಷ್ಯನಿಗೆ ಅರಿವನ್ನು ಮುಟ್ಟಿಸುವುದೂ ಮಾತಿನಿಂದಲೇ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ತಡೆಯಿಲ್ಲದೆ ಹರಿಯುವ ಈ ಮಾತು, ಹತ್ತು ಜನರೆದುರಿಗೆ ಎದ್ದು ನಿಂತೊಡನೆ ಗಂಟಲಿನಲ್ಲಿಯೇ ಉಡುಗಿಹೋಗುವುದುಂಟು. ಇದಕ್ಕೆ ಕನ್ನಡದಲ್ಲಿ ಸಭಾಕಂಪವೆಂದು ಹೆಸರು. ಬಿಳಿಯ ಹಾಳೆಯ ಮುಂದೆ ಕುಳಿತಾಗ ಲೇಖನಿ ಕದಲದಿರುವುದೂ ಇದರ ಒಡಹುಟ್ಟು.

ಕಾಲೇಜಿನಲ್ಲಿ ಓದುವ ತರುಣ ತರುಣಿಯರಲ್ಲಿ ಈ ಅಳುಕು ಬಲು ಸಾಮಾನ್ಯ. ಸೆಮಿನಾರು, ಮೌಖಿಕ ಪರೀಕ್ಷೆ, ಪ್ರಬಂಧ, ವರದಿ, ನೌಕರಿಯ ಸಂದರ್ಶನ ಇವೆಲ್ಲವೂ ಮಾತನ್ನೋ ಬರಹವನ್ನೋ ಬೇಡುವಂಥವು. ಓದಿದುದು ಬುದ್ಧಿಯಲ್ಲಿದ್ದರೂ ಬಾಯಿಗೆ ಬಾರದೆ ಹೋದರೆ, ಓದಿಯೇ ಇಲ್ಲವೆಂದು ಲೋಕವು ಎಣಿಸುತ್ತದೆ. ಇದರಿಂದ ಕೆಲವರು ಅಂಕಗಳನ್ನು ಕಳೆದುಕೊಳ್ಳುತ್ತಾರೆ; ಕೆಲವರು ಅವಕಾಶಗಳನ್ನು ಕಳೆದುಕೊಳ್ಳುತ್ತಾರೆ; ಇನ್ನು ಕೆಲವರು ತಮ್ಮ ಮೇಲಣ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ಆದುದರಿಂದ ಇದನ್ನು ಮಕ್ಕಳ ಆಟದ ಮಾತೆಂದು ತಳ್ಳಿಹಾಕುವುದು ಸಲ್ಲದು.

ಒಂದು ಒಕ್ಕಲುಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮಲಪ್ರಭೆಯ ಕಾಲುವೆಯ ನೀರುಂಡು ಬೆಳೆಯುವ ಊರು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವರಲ್ಲಿ ಮನೆಯ ಮಗಳೇ ಮೊದಲಿಗಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಒಳ್ಳೆಯ ಅಂಕಗಳನ್ನು ಪಡೆದು, ಈಗ ಪಟ್ಟಣದಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿದ್ದಾಳೆ. ಸವಳು ನೆಲದ ರಸಾಯನ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡುವಂತೆ ಅಧ್ಯಾಪಕರು ಗೊತ್ತುಮಾಡಿದ್ದಾರೆ. ಆ ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆ ತೊಳಸಿತು, ಕಾಲೇಜಿಗೆ ಹೋಗಲಿಲ್ಲ. ಮುಂದಿನ ವಾರವೂ ಹಾಗೆಯೇ ಆಯಿತು. ಊರಿಗೆ ಬಂದವಳು, ತನಗೆ ಈ ಓದು ಒಲ್ಲೆನೆಂದಳು. ತಂದೆಗೆ ಇದು ಸೋಮಾರಿತನವಾಗಿ ಕಂಡಿತು. ಓದು ಒಲ್ಲದ ಹುಡುಗಿಗೆ ವರನನ್ನು ನೋಡುವುದೇ ಮೇಲೆಂದು ಬಂಧುಗಳು ನುಡಿದರು. ಹತ್ತು ನಿಮಿಷದ ಮಾತಿನ ಭಯವು ಒಂದು ಬಾಳಿನ ದಾರಿಯನ್ನೇ ತಿರುಗಿಸುವ ಹಂತಕ್ಕೆ ಬಂದು ನಿಂತಿತು. ಹೆಸರೂ ಊರೂ ಬೇರೆಯಾಗಿ, ಇಂತಹ ಪ್ರಸಂಗವು ಅನೇಕ ಮನೆಗಳಲ್ಲಿ ನಡೆಯತಕ್ಕದ್ದೇ ಆಗಿದೆ.

ಅಂಜಿಕೆಯ ಸ್ವರೂಪ

ಆ ಹುಡುಗಿಯ ಹೊಟ್ಟೆನೋವು ಸುಳ್ಳಲ್ಲ. ಆಪತ್ತು ಎದುರಾದಾಗ ಓಡುವುದಕ್ಕೋ ಹೋರಾಡುವುದಕ್ಕೋ ದೇಹವನ್ನು ಅಣಿಗೊಳಿಸುವ ಒಂದು ಏರ್ಪಾಡು ಎಲ್ಲ ಮನುಷ್ಯರಲ್ಲಿಯೂ ಉಂಟು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿದುಕೊಳ್ಳುತ್ತದೆ, ಉಸಿರು ಮೊಟಕಾಗುತ್ತದೆ, ಅಂಗೈ ಬೆವರುತ್ತದೆ. ಬಾಯಲ್ಲಿ ಜೊಲ್ಲು ಇಂಗಿ ನಾಲಗೆ ಒಣಗುತ್ತದೆ. ಜಠರದ ಕಡೆಗೆ ಹರಿಯುವ ರಕ್ತವು ಕೈಕಾಲುಗಳ ಕಡೆಗೆ ತಿರುಗುವುದರಿಂದ ಹೊಟ್ಟೆ ತೊಳಸುತ್ತದೆ. ಕಾಡಿನಲ್ಲಿ ಹುಲಿಯನ್ನು ಕಂಡವನಿಗೆ ಇದು ಉಪಕಾರಿ. ತರಗತಿಯಲ್ಲಿ ನಾಲ್ವತ್ತು ಸಹಪಾಠಿಗಳ ಕಣ್ಣುಗಳನ್ನು ಕಂಡವಳಿಗೂ ದೇಹವು ಅದೇ ಸಿದ್ಧತೆಯನ್ನು ಮಾಡುತ್ತದೆ. ಹುಲಿಗೂ ಸಭೆಗೂ ಇರುವ ಅಂತರವನ್ನು ಅದು ಅರಿಯದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಜಾತ್ರೆಯಲ್ಲಿ ತೇರು ಎಳೆಯಲು ಮಿಣಿ ಹಿಡಿದವನ ಎದೆಯೂ ಹೀಗೆಯೇ ಬಡಿದುಕೊಳ್ಳುತ್ತದೆ. ಅಂಜಿಕೆಯ ಬಡಿತಕ್ಕೂ ಉತ್ಸಾಹದ ಬಡಿತಕ್ಕೂ ದೇಹದಲ್ಲಿ ಹೆಚ್ಚಿನ ಭೇದವಿಲ್ಲ. ಭೇದವು ಮನಸ್ಸು ಅದಕ್ಕೆ ಕೊಡುವ ಹೆಸರಿನಲ್ಲಿದೆ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಲಿಸನ್ ವುಡ್ ಬ್ರೂಕ್ಸ್ ಎಂಬ ವಿದುಷಿಯು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ತಾನು ಶಾಂತವಾಗಿರುವೆನೆಂದು ಹೇಳಿಕೊಂಡವರಿಗಿಂತ ತಾನು ಉತ್ಸಾಹದಿಂದಿರುವೆನೆಂದು ಹೇಳಿಕೊಂಡವರು ಹೆಚ್ಚು ಚೆನ್ನಾಗಿ ಮಾತನಾಡಿದರು. ಬಡಿಯುವ ಎದೆಯನ್ನು ಬಲವಂತದಿಂದ ನಿಲ್ಲಿಸಹೋಗುವುದು ಹರಿಯುವ ಹಳ್ಳಕ್ಕೆ ಅಂಗೈ ಅಡ್ಡ ಹಿಡಿದಂತೆ. ಅದರ ನೀರನ್ನು ಕಾಲುವೆಗೆ ತಿರುಗಿಸಿಕೊಳ್ಳುವುದು ಜಾಣತನ.

ಮೂರು ಬೇರುಗಳು

ಈ ಅಳುಕಿನ ಬೇರುಗಳನ್ನು ವಿಚಾರಿಸಿದರೆ ಮುಖ್ಯವಾಗಿ ಮೂರು ಕಾಣುತ್ತವೆ.

ಮೊದಲನೆಯದು ತನ್ನನ್ನೇ ನೋಡಿಕೊಳ್ಳುವ ದೃಷ್ಟಿ. ಸಭೆಯಲ್ಲಿ ನಿಂತವನ ಗಮನವು ಹೇಳತಕ್ಕ ವಿಷಯದ ಮೇಲೆಯೂ ಕೇಳುವವರ ಮೇಲೆಯೂ ಇರಬೇಕು. ಅಂಜಿದವನ ಗಮನವಾದರೋ ಒಳಕ್ಕೆ ತಿರುಗಿರುತ್ತದೆ. ಧ್ವನಿ ನಡುಗಿತೆ, ಕೈ ಅಲುಗಿತೆ, ಅವರು ನಕ್ಕರೆ ಎಂದು ಕ್ಷಣಕ್ಷಣಕ್ಕೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಾನೆ. ಹೀಗೆ ಒಂದೇ ಮನಸ್ಸು ಮಾತನಾಡುವವನೂ ತಪ್ಪು ಹಿಡಿಯುವವನೂ ಆದಾಗ ಎರಡು ಕೆಲಸವೂ ಕೆಡುತ್ತವೆ. ಅದಲ್ಲದೆ ತನ್ನ ಒಳಗಿನ ನಡುಕವೆಲ್ಲ ಹೊರಗೆ ಕಾಣುತ್ತಿದೆಯೆಂದು ಅವನು ನಂಬುತ್ತಾನೆ. ಈ ನಂಬಿಕೆ ಬಹುಮಟ್ಟಿಗೆ ಭ್ರಮೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ತೋರಿಸಿಕೊಟ್ಟಿತು. ಭಾಷಣ ಮಾಡಿದ ವಿದ್ಯಾರ್ಥಿಗಳು ತಮ್ಮ ಅಂಜಿಕೆ ಎಷ್ಟು ಎದ್ದುಕಾಣುತ್ತಿದೆಯೆಂದು ತಿಳಿದಿದ್ದರೋ, ನೋಡುವವರಿಗೆ ಅದು ಅದಕ್ಕಿಂತ ಕಡಿಮೆಯಾಗಿಯೇ ಕಂಡಿತು. ಈ ಸಂಗತಿಯನ್ನು ಮುಂಚಿತವಾಗಿ ತಿಳಿಸಲ್ಪಟ್ಟ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿಯೂ ಮಾತನಾಡಿದರು. ಒಂದು ಸತ್ಯವನ್ನು ಅರಿತ ಮಾತ್ರದಿಂದಲೇ ಭಯವು ಸಡಿಲವಾದುದಕ್ಕೆ ಇದು ನಿದರ್ಶನ.

ಎರಡನೆಯದು ಭಾಷೆಯ ಅಳುಕು. ಕರ್ನಾಟಕದಲ್ಲಿ ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಮೊದಲಾದ ಪದವಿಗಳ ಪಾಠವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಕಲಿತು ಬಂದವರು ವಿಷಯವನ್ನು ಬಲ್ಲರು. ಅದನ್ನು ಹೇಳುವ ಮಾತು ಮಾತ್ರ ಇನ್ನೂ ಹೊಸದು. ವ್ಯಾಕರಣ ತಪ್ಪಿದರೆ ಪಟ್ಟಣದ ಹುಡುಗರು ನಗುವರೆಂಬ ನಾಚಿಕೆಯಿಂದ ಬಾಯಿ ಕಟ್ಟುತ್ತದೆ. ಆದರೆ ಭಾಷೆಯನ್ನು ಅರಿಯದಿರುವುದು ಬೇರೆ, ಬುದ್ಧಿಯಿಲ್ಲದಿರುವುದು ಬೇರೆ. ಈ ಎರಡನ್ನೂ ಒಂದೆಂದು ಭಾವಿಸುವುದರಿಂದ ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ತಮ್ಮನ್ನು ದಡ್ಡರೆಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ಮೂರನೆಯದು ತಪ್ಪಿಸಿಕೊಳ್ಳುವ ರೂಢಿ. ಮಾತಿನ ಸರದಿ ಬಂದ ದಿನ ಮನೆಯಲ್ಲಿ ಉಳಿದರೆ ಅಂದಿಗೆ ಎದೆ ಹಗುರವಾಗುತ್ತದೆ. ಈ ಹಗುರವೇ ಮುಂದಿನ ಭಾರಕ್ಕೆ ಕಾರಣ. ಓಡಿಹೋದುದರಿಂದ ಉಳಿದೆನೆಂದು ಮನಸ್ಸು ಪಾಠ ಕಲಿಯುತ್ತದೆ. ಮರುಸಲ ಇನ್ನೂ ಬೇಗನೆ ಓಡಲು ಹೇಳುತ್ತದೆ. ಬೀಳು ಬಿಟ್ಟ ಹೊಲದಲ್ಲಿ ಕರಿಕೆ ಹಬ್ಬಿದಂತೆ, ಮಾತನಾಡದೆ ಬಿಟ್ಟ ಪ್ರತಿಯೊಂದು ದಿನವೂ ಅಂಜಿಕೆ ತನ್ನ ಬೇರನ್ನು ಆಳಕ್ಕೆ ಇಳಿಸುತ್ತದೆ. ವಾಸ್ತವವಾಗಿ ಎದ್ದು ನಿಂತವರ ಅನುಭವವೇನೆಂದರೆ, ಭಯವು ಮೊದಲ ಒಂದೆರಡು ನಿಮಿಷಗಳಲ್ಲಿ ತುದಿಗೇರಿ ಮಾತು ಸಾಗಿದಂತೆ ಇಳಿಯುತ್ತದೆ. ಓಡಿಹೋದವನಿಗೆ ಈ ಇಳಿತದ ಅನುಭವವೇ ಆಗುವುದಿಲ್ಲ.

ಶರಣರ ಸಭೆ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಇಲ್ಲಿ ನೆನೆಯುವುದು ಉಚಿತವಾಗಿದೆ. ವಚನವೆಂಬ ಪದಕ್ಕೆ ಆಡಿದ ಮಾತು ಎಂದೇ ಅರ್ಥ. ಕನ್ನಡದ ಈ ಮಹಾಸಾಹಿತ್ಯವು ತನ್ನ ಹೆಸರಿನಲ್ಲಿಯೇ ಮಾತನ್ನು ಇಟ್ಟುಕೊಂಡಿದೆ. ಆ ಮಾತನ್ನು ಆಡಿದವರು ಯಾರು? ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಮತ್ತು ಲಕ್ಕಮ್ಮ, ಹುಲ್ಲಿನ ಹಗ್ಗ ಹೊಸೆಯುವ ಚಂದಯ್ಯ, ದನ ಕಾಯುವ ರಾಮಣ್ಣ, ನೂಲು ತೆಗೆಯುವ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮವ್ವೆ. ಅದುವರೆಗೆ ವಿದ್ವತ್ಸಭೆಗಳಲ್ಲಿ ಇಂಥವರಿಗೆ ಮಾತಿನ ಅಧಿಕಾರವಿರಲಿಲ್ಲ. ಮನೆತನದಲ್ಲಿ ಮೊದಲು ಕಾಲೇಜು ಕಂಡವಳ ಸ್ಥಿತಿಗೂ ತಮ್ಮ ಕುಲದಲ್ಲಿ ಮೊದಲು ಸಭೆ ಕಂಡ ಇವರ ಸ್ಥಿತಿಗೂ ಸಾಮ್ಯವಿದೆ.

ಇವರಿಗೆ ಮಾತು ಬಂದುದು ಹೇಗೆ? ಪರಭಾಷೆಯ ಬಿಗುಮಾನವನ್ನು ಹೊದೆಯದೆ, ತಾವು ದಿನವೂ ಮುಟ್ಟುವ ವಸ್ತುಗಳ ಹೆಸರಿನಲ್ಲಿಯೇ ಹಿರಿದಾದುದನ್ನು ಹೇಳಿದುದರಿಂದ. ಅಂಬಿಗನ ಮಾತಿನಲ್ಲಿ ಹುಟ್ಟು ದೋಣಿಗಳು ಬಂದವು. ನೂಲುವವಳ ಮಾತಿನಲ್ಲಿ ರಾಟೆ ಬಂದಿತು. ಬಲ್ಲುದನ್ನೇ ನುಡಿಯುವವನಿಗೆ ಮಾತು ಅನ್ಯವಸ್ತುವಾಗಿ ತೋರುವುದಿಲ್ಲ. ನಡೆಯೂ ನುಡಿಯೂ ಒಂದಾಗಬೇಕೆಂಬ ಶರಣರ ಬೋಧೆಯನ್ನು ಸದಾಚಾರದ ದೃಷ್ಟಿಯಿಂದ ಮಾತ್ರ ಕಾಣುವುದು ವಾಡಿಕೆ. ಅದರಲ್ಲಿ ಮಾತಿನ ಅಂಜಿಕೆಗೂ ಮದ್ದಿದೆ. ತಿಳಿಯದುದನ್ನು ತಿಳಿದವನಂತೆ ನಟಿಸಹೋದವನಿಗೆ ಸಿಕ್ಕಿಬೀಳುವ ಭಯ ತಪ್ಪದು. ತಾನು ಕಂಡು ಉಂಡುದನ್ನು ಹೇಳುವವನು ಯಾರಿಗೆ ಅಂಜಬೇಕು?

ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಆ ಶರಣರ ಸಭೆಯನ್ನು ಪ್ರಶ್ನೋತ್ತರಗಳ ರೂಪದಲ್ಲಿ ಚಿತ್ರಿಸುತ್ತದೆ. ಅಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿಯೇ ಪ್ರಶ್ನಿಸುತ್ತಾರೆ. ಒಂಟಿಯಾಗಿ ನಡೆದು ಬಂದ ತರುಣಿ ತುಂಬಿದ ಹಿರಿಯರ ಸಭೆಯಲ್ಲಿ ಒಂದೊಂದು ಪ್ರಶ್ನೆಗೂ ತನ್ನ ಅನುಭವದಿಂದ ಉತ್ತರಿಸುತ್ತಾಳೆ. ಪ್ರಶ್ನೆಯ ಉದ್ದೇಶವು ಅವಳನ್ನು ಕೆಡವುವುದಾಗಿರಲಿಲ್ಲ. ಅವಳ ನಿಲುವು ಎಂಥದೆಂಬುದನ್ನು ಸಭೆಗೆ ತೋರಿಸಿಕೊಡುವುದಾಗಿತ್ತು. ಸೆಮಿನಾರಿನ ಕೊನೆಯಲ್ಲಿ ಪ್ರಶ್ನೆ ಕೇಳಿದವರನ್ನು ಶತ್ರುವೆಂದು ಬಗೆಯುವ ವಿದ್ಯಾರ್ಥಿಯು ಈ ಪ್ರಸಂಗವನ್ನು ಮನನ ಮಾಡತಕ್ಕದ್ದು. ಪ್ರಶ್ನೆಯೆಂದರೆ ಕೇಳುವವನು ಎಚ್ಚರವಾಗಿದ್ದಾನೆಂಬುದಕ್ಕೆ ಸಾಕ್ಷಿ. ಉತ್ತರ ಗೊತ್ತಿದ್ದರೆ ಹೇಳುವುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡಿ ತಿಳಿಸುವೆನೆಂದು ಹೇಳುವುದು. ಇದರಲ್ಲಿ ಅವಮಾನವೇನೂ ಇಲ್ಲ.

ಶರಣರ ಇನ್ನೆರಡು ತತ್ತ್ವಗಳು ಇಲ್ಲಿ ನೇರವಾಗಿ ಒದಗುತ್ತವೆ. ದಾಸೋಹಭಾವವೆಂಬುದು ತನ್ನಲ್ಲಿರುವುದನ್ನು ಅಹಂಕಾರವಿಲ್ಲದೆ ಇತರರಿಗೆ ನೀಡುವ ಮನೋಧರ್ಮ. ಪಂಕ್ತಿಯಲ್ಲಿ ಬಡಿಸುವವನು ತನ್ನ ಕೈ ಚೆಂದವಾಗಿ ಕಾಣುತ್ತಿದೆಯೆ ಎಂದು ಯೋಚಿಸುತ್ತ ನಿಂತರೆ ಉಣ್ಣುವವರ ಎಲೆ ಬರಿದಾಗಿಯೇ ಉಳಿಯುತ್ತದೆ. ಅವನ ಕಣ್ಣು ಎಲೆಯ ಮೇಲಿರಬೇಕು. ಭಾಷಣಕಾರನೂ ಬಡಿಸುವವನೇ. ಕೇಳುವವರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬ ಕಡೆಗೆ ಅವನ ದೃಷ್ಟಿ ಹೊರಳಿದೊಡನೆ, ತನ್ನನ್ನೇ ನೋಡಿಕೊಳ್ಳುವ ಮೊದಲನೆಯ ಬೇರು ಸಡಿಲವಾಗುತ್ತದೆ. ಕಾಯಕವೆಂಬುದು ದಿನದಿನದ ನಿಷ್ಠೆಯ ದುಡಿಮೆ. ಮಗ್ಗದ ಮುಂದೆ ಕುಳಿತವನು ಇಂದು ಮನಸ್ಸು ಬಂದಿದೆಯೆ ಎಂದು ಕೇಳಿಕೊಳ್ಳುವುದಿಲ್ಲ, ಲಾಳಿಯನ್ನು ಎಸೆಯುತ್ತಾನೆ. ಮಾತೂ ಬರಹವೂ ಸ್ಫೂರ್ತಿಯ ಪವಾಡಗಳೆಂದು ತಿಳಿದವನು ಸ್ಫೂರ್ತಿಗಾಗಿ ಕಾಯುತ್ತ ಕೂರುತ್ತಾನೆ. ಅವು ಕಾಯಕವೆಂದು ತಿಳಿದವನು ಕೈಯಿಕ್ಕುತ್ತಾನೆ.

ಮಾತು ಬಾರದ ವಕೀಲ

ಹುಟ್ಟಿನಿಂದಲೇ ವಾಗ್ಮಿಯಾದವನಿಗೆ ಮಾತ್ರ ಸಭೆ ಒಲಿಯುತ್ತದೆಂಬ ಭಾವನೆಯನ್ನು ಕಳೆಯುವುದಕ್ಕೆ ಮಹಾತ್ಮಾ ಗಾಂಧಿಯವರ ತರುಣ ಜೀವನವು ಸಾಕು. ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಆದರೆ ಸಭೆಗಳಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ವೆಂಟ್ನರ್ ಎಂಬ ಊರಿನಲ್ಲಿ ಒಂದು ಹಾಳೆಯಷ್ಟಿದ್ದ ಭಾಷಣವನ್ನು ಬರೆದುಕೊಂಡು ಎದ್ದು ನಿಂತರೂ ಕಣ್ಣು ಮಂಜಾಗಿ ಮೈ ನಡುಗಿ ಓದಲಾಗಲಿಲ್ಲ. ಜೊತೆಯಲ್ಲಿದ್ದವರು ಅದನ್ನು ಓದಬೇಕಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವಾಗ ತಾವೇ ಏರ್ಪಡಿಸಿದ್ದ ಬೀಳ್ಕೊಡುಗೆಯ ಊಟದಲ್ಲಿಯೂ ಸಿದ್ಧಪಡಿಸಿದ ಮಾತು ಮೊದಲ ವಾಕ್ಯದಿಂದ ಮುಂದೆ ಸಾಗದೆ, ವಂದನೆ ಹೇಳಿ ಕುಳಿತರು. ಮುಂಬಯಿಯಲ್ಲಿ ಮೊದಲ ಮೊಕದ್ದಮೆಗೆ ನಿಂತಾಗ ಸಾಕ್ಷಿಯನ್ನು ಪ್ರಶ್ನಿಸಲು ಒಂದು ಮಾತೂ ಹೊಳೆಯದೆ, ಪಡೆದಿದ್ದ 30 ರೂಪಾಯಿಯ ಫೀಜನ್ನು ಹಿಂದಕ್ಕೆ ಕೊಟ್ಟು ನ್ಯಾಯಾಲಯದಿಂದ ಹೊರಟುಬಂದರು.

ಅದೇ ಗಾಂಧಿಯವರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾ ನಗರದಲ್ಲಿ ಅಲ್ಲಿಯ ಭಾರತೀಯರ ಸಭೆ ಕೂಡಿಸಿ ವ್ಯಾಪಾರದಲ್ಲಿ ಸತ್ಯವೆಂಬ ವಿಷಯದ ಮೇಲೆ ಮಾತನಾಡಿದರು. ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಅದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎರಡು ವರ್ಷಗಳಲ್ಲಿ ಅವರ ಕಂಠ ಬದಲಾಗಿರಲಿಲ್ಲ; ಬದಲಾದುದು ಮಾತಿನ ಗುರಿ. ಲಂಡನ್ನಿನ ಔತಣದಲ್ಲಿ ಅವರು ತಮ್ಮ ಜಾಣ್ಮೆಯನ್ನು ತೋರಿಸಬೇಕಾಗಿತ್ತು. ಪ್ರಿಟೋರಿಯಾದಲ್ಲಿ ಕಷ್ಟದಲ್ಲಿದ್ದ ಜನಕ್ಕೆ ಹೇಳಲೇಬೇಕಾದ ಮಾತೊಂದಿತ್ತು. ಸಂಕೋಚದ ಸ್ವಭಾವವು ಅವರನ್ನು ಮುಂದೆಯೂ ಪೂರ್ತಿಯಾಗಿ ಬಿಡಲಿಲ್ಲ. ಅದು ತಮಗೆ ಮಿತವಾಗಿ ಮಾತನಾಡುವುದನ್ನು ಕಲಿಸಿತೆಂದು ಅವರು ಕೃತಜ್ಞತೆಯಿಂದಲೇ ನೆನೆದರು. ಅಳುಕು ಸಂಪೂರ್ಣವಾಗಿ ಅಳಿದ ಮೇಲೆಯೇ ಮಾತನಾಡುವೆನೆಂದು ಕಾಯಬೇಕಾಗಿಲ್ಲವೆಂಬುದಕ್ಕೆ ಇದೇ ಪ್ರಮಾಣ.

ಮಾತಿನ ಅಭ್ಯಾಸ

ಅಭ್ಯಾಸದ ಕ್ರಮವು ಮೆಟ್ಟಿಲುಗಳಂತಿರಬೇಕು. ಮೊದಲ ಮೆಟ್ಟಿಲಿನಲ್ಲಿ ವಿದ್ಯಾರ್ಥಿಯು ಓದಿದ ಪಾಠವನ್ನು ಪುಸ್ತಕ ಮುಚ್ಚಿ ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳತಕ್ಕದ್ದು. ಎರಡನೆಯದರಲ್ಲಿ ಮನೆಯವರೊಬ್ಬರಿಗೆ ಹೇಳುವುದು. ಮೂರನೆಯದರಲ್ಲಿ ಮೂರು ನಾಲ್ಕು ಗೆಳೆಯರೆದುರಿಗೆ ನಿಂತು ಹೇಳುವುದು. ನಾಲ್ಕನೆಯದರಲ್ಲಿ ತರಗತಿಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುವುದು. ಆ ಮೇಲೆ ಸೆಮಿನಾರು. ಒಂದು ಮೆಟ್ಟಿಲಿನಲ್ಲಿ ಕಾಲು ನೆಲೆಗೊಳ್ಳುವ ಮುನ್ನ ಇನ್ನೊಂದಕ್ಕೆ ಹಾರಬಾರದು. ಹಾಗೆಂದು ಒಂದೇ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ಕುಳಿತಿರಲೂಬಾರದು.

ಭಾಷಣವನ್ನು ಅಕ್ಷರಶಃ ಬಾಯಿಪಾಠ ಮಾಡುವುದು ಅಪಾಯಕರ. ಸರಪಳಿಯ ಒಂದು ಕೊಂಡಿ ಮರೆತರೆ ಉಳಿದುದೆಲ್ಲವೂ ಕಳಚಿಬೀಳುತ್ತದೆ. ಮೊದಲ ಎರಡು ವಾಕ್ಯಗಳನ್ನೂ ಕೊನೆಯ ವಾಕ್ಯವನ್ನೂ ಗಟ್ಟಿಮಾಡಿಕೊಂಡು, ನಡುವಿನದನ್ನು ನಾಲ್ಕೈದು ಮುಖ್ಯಾಂಶಗಳಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಎದ್ದು ನಿಂತ ಮೇಲೆ ಒಂದು ಸಲ ನಿಧಾನವಾಗಿ ಉಸಿರು ಬಿಟ್ಟು, ಸಭೆಯಲ್ಲಿ ಪರಿಚಿತವಾದ ಒಂದು ಮುಖವನ್ನು ನೋಡಿ ಪ್ರಾರಂಭಿಸಬೇಕು. ನಡುವೆ ಮಾತು ನಿಂತರೆ ನಿಲ್ಲಲಿ. ಮಾತನಾಡುವವನಿಗೆ ಒಂದು ಯುಗವೆಂದು ತೋರುವ ಆ ಮೌನವು ಕೇಳುವವರಿಗೆ ಎರಡು ಕ್ಷಣ ಮಾತ್ರ.

ಭಾಷೆಯ ಅಳುಕಿಗೆ ಉಪಾಯವೇನೆಂದರೆ, ವಿಷಯವನ್ನು ಮೊದಲು ಕನ್ನಡದಲ್ಲಿ ಪೂರ್ತಿಯಾಗಿ ಹೇಳಿ ನೋಡುವುದು. ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಲಾಗದಿದ್ದರೆ ತೊಡಕು ವಿಷಯದಲ್ಲಿದೆ, ಇಂಗ್ಲಿಷಿನಲ್ಲಿ ಅಲ್ಲ. ವಿಷಯವು ತಿಳಿಯಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅದನ್ನು ಮತ್ತೆ ಹೇಳಬೇಕು. ಉದ್ದವಾದ ವಾಕ್ಯದಿಂದ ಪಾಂಡಿತ್ಯವು ತೋರುವುದೆಂಬುದು ಭ್ರಮೆ.

ಬರಹದ ಅಳುಕು

ಬರಹದಲ್ಲಿ ಕೇಳುವವರ ಕಣ್ಣು ಎದುರಿಗಿರುವುದಿಲ್ಲ; ಆದರೂ ಅಂಜಿಕೆ ಬಿಡದು. ಏಕೆಂದರೆ ಬರೆಯುವವನು ತಿದ್ದುವವರ ಕೆಂಪು ಶಾಯಿಯನ್ನು ಮೊದಲೇ ಮನಸ್ಸಿನಲ್ಲಿ ಕಾಣುತ್ತಿರುತ್ತಾನೆ. ಮೊದಲ ವಾಕ್ಯವು ಸರಿಬಾರದೆ ಎರಡನೆಯದನ್ನು ಬರೆಯಲಾರ. ಒಂದು ಸಾಲು ಬರೆದು ಮೂರು ಸಾಲು ಹೊಡೆದುಹಾಕುತ್ತಾನೆ. ಅಮೆರಿಕೆಯ ಮೈಕ್ ರೋಸ್ ಎಂಬ ಅಧ್ಯಾಪಕರು 1980ರಲ್ಲಿ ಹತ್ತು ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಐವರಿಗೆ ಬರಹವು ಕಟ್ಟಿಹೋಗುತ್ತಿತ್ತು, ಐವರಿಗೆ ಸರಾಗವಾಗಿ ಸಾಗುತ್ತಿತ್ತು. ಕಟ್ಟಿಹೋಗುತ್ತಿದ್ದವರು ಬುದ್ಧಿಯಲ್ಲಿ ಕಡಿಮೆಯಾಗಿರಲಿಲ್ಲ. ಬರಹವು ಹೀಗೆಯೇ ಇರತಕ್ಕದ್ದೆಂಬ ಬಿಗಿಯಾದ ಕಟ್ಟಳೆಗಳಿಗೆ ಅವರು ಜೋತುಬಿದ್ದಿದ್ದರು. ಸರಾಗವಾಗಿ ಬರೆಯುವವರಿಗೂ ನಿಯಮಗಳಿದ್ದವು. ಆದರೆ ಒಂದು ನಿಯಮವು ಅಡ್ಡಬಂದಾಗ ಅದನ್ನು ಬದಿಗಿಟ್ಟು ಮುನ್ನಡೆಯುವುದು ಅವರಿಗೆ ಗೊತ್ತಿತ್ತು.

ಇದರಿಂದ ತಿಳಿಯುವುದೇನೆಂದರೆ, ಬರೆಯುವ ಕೆಲಸವನ್ನೂ ತಿದ್ದುವ ಕೆಲಸವನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮಾಡಬೇಕು. ಕಣದಲ್ಲಿ ಮೊದಲು ರಾಶಿ ಬೀಳಬೇಕು, ತೂರುವುದು ಆಮೇಲೆ. ಒಂದೊಂದು ತೆನೆಯನ್ನೂ ಕೊಯ್ದ ಕೂಡಲೇ ಅಲ್ಲಿಯೇ ತೂರಿ ಕಾಳು ಮಾಡುವ ಒಕ್ಕಲಿಗನಿಲ್ಲ. ಮೊದಲ ಕರಡಿನಲ್ಲಿ ಹೊಟ್ಟೂ ಕಾಳೂ ಬೆರೆತಿರುವುದು ಸಹಜ. ಇಪ್ಪತ್ತು ನಿಮಿಷ ಲೇಖನಿಯನ್ನೆತ್ತದೆ ಬರೆದು, ಅಂದಿಗೆ ಅದನ್ನು ಮುಚ್ಚಿಟ್ಟು, ಮಾರನೆಯ ದಿನ ತಿದ್ದತಕ್ಕದ್ದು. ಪ್ರಾರಂಭ ಹೊಳೆಯದಿದ್ದರೆ ನಡುವಿನಿಂದ ಆರಂಭಿಸಬಹುದು. ಬರೆಯಲು ಏನೂ ತೋಚದಿದ್ದರೆ ವಿಷಯವನ್ನು ಒಬ್ಬರಿಗೆ ಬಾಯಿಂದ ಹೇಳಿ, ಹೇಳಿದಂತೆಯೇ ಬರೆಯಬಹುದು. ಸಂದರ್ಶನದ ದಿನ ಸಮೀಪಿಸಿದಾಗ ಒಂದೇ ರಾತ್ರಿ ಕುಳಿತು ಬರೆಯುವುದಕ್ಕಿಂತ ದಿನಕ್ಕೆ ಒಂದು ಪುಟದಂತೆ ಬರೆಯುವುದರಿಂದ ಕೈಗೂ ಬುದ್ಧಿಗೂ ಹದ ಬರುತ್ತದೆ. ಈಚೆಗೆ ಯಂತ್ರಗಳಿಂದಲೇ ಪ್ರಬಂಧವನ್ನು ಬರೆಯಿಸಿಕೊಳ್ಳುವ ಅನುಕೂಲವು ಒದಗಿದೆ. ಅಂಜಿದವನಿಗೆ ಇದು ದೊಡ್ಡ ಆಮಿಷ. ಅದರಿಂದ ಹಾಳೆ ತುಂಬೀತು. ಬರೆಯುವವನ ಅಂಜಿಕೆ ಇದ್ದಲ್ಲಿಯೇ ಇರುತ್ತದೆ. ತನ್ನ ಕಾಯಕವನ್ನು ಪರರಿಂದ ಮಾಡಿಸಿದವನಿಗೆ ಪ್ರಸಾದದ ರುಚಿ ದೊರೆಯಲಾರದು.

ಮನೆಯವರ ಹೊಣೆ

ಮಕ್ಕಳ ಸಭಾಕಂಪದ ಬೀಜವು ಎಷ್ಟೋ ಸಲ ಮನೆಯಲ್ಲಿಯೇ ಬಿದ್ದಿರುತ್ತದೆ. ಹಿರಿಯರು ಮಾತನಾಡುವಾಗ ಬಾಯಿ ಹಾಕಬೇಡವೆಂದು ಹನ್ನೆರಡು ವರ್ಷ ಗದರಿಸಿ, ಹದಿನೆಂಟನೆಯ ವರ್ಷದಲ್ಲಿ ಸಭೆಯಲ್ಲಿ ಏಕೆ ಮಾತನಾಡಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮೌನವನ್ನೇ ಸದ್ಗುಣವೆಂದು ಹೊಗಳುವ ಮನೆಗಳಿವೆ. ಅಕ್ಕನ ಹೆಸರನ್ನು ಮಗಳಿಗಿಟ್ಟು ಅಕ್ಕನ ದನಿಯನ್ನು ಅವಳಿಗೆ ಕೊಡದಿರುವುದು ತರವೆ? ಮಗುವಿನ ಉಚ್ಚಾರವನ್ನು ಅಣಕಿಸುವುದು, ನೆರೆಮನೆಯ ಹುಡುಗನೊಡನೆ ಹೋಲಿಸುವುದು, ಬಂಧುಗಳೆದುರಿಗೆ ಇಂಗ್ಲಿಷ್ ಮಾತನಾಡಿ ತೋರಿಸೆಂದು ಪೀಡಿಸುವುದು ಇವುಗಳನ್ನು ಗೃಹಸ್ಥರು ಬಿಡಬೇಕು. ದಿನಕ್ಕೊಮ್ಮೆ ಊಟದ ಹೊತ್ತಿನಲ್ಲಿ, ಇಂದು ಕಲಿತುದೇನೆಂದು ಕೇಳಿ, ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳುವುದು ಇದಕ್ಕಿಂತ ಹೆಚ್ಚಿನ ಉಪಕಾರ.

ಅಂಜಿಕೆಯು ಅಭ್ಯಾಸದಿಂದ ಇಳಿಯದೆ, ನಿದ್ರೆ ಆಹಾರಗಳನ್ನು ಕೆಡಿಸಿ, ಕಾಲೇಜನ್ನೇ ಬಿಡಿಸುವ ಮಟ್ಟಕ್ಕೆ ಏರಿದರೆ ಅದನ್ನು ರೋಗವೆಂದು ತಿಳಿದು ಮನೋವೈದ್ಯರ ಸಲಹೆ ಪಡೆಯಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. ಉಗ್ಗು ಬೇರೆ, ಅಂಜಿಕೆ ಬೇರೆ. ಉಗ್ಗುವವರಿಗೆ ವಾಕ್ ಚಿಕಿತ್ಸೆಯುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ಕಾರ್ಯಕ್ಕೆ ಹೆಸರಾಗಿದೆ. ಕಣ್ಣಿಗೆ ಕನ್ನಡಕ ಹಾಕಿಸುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲಿಯೂ ಇರಬೇಕಾಗಿಲ್ಲ.

ಹೊಲದಲ್ಲಿ ದೊರೆತ ಸಭೆ

ಮೊದಲು ಕಂಡ ಮನೆಗೆ ಮತ್ತೆ ಮನಸ್ಸನ್ನು ತಿರುಗಿಸಬಹುದು. ಗದರುವುದನ್ನು ಬಿಟ್ಟು ಆ ತಂದೆಯು ಒಂದು ಸಂಜೆ ಮಗಳನ್ನು ಕರೆದುಕೊಂಡು ಹೊಲದ ಬದುವಿನ ಮೇಲೆ ಕುಳಿತನೆನ್ನೋಣ. ನೀರು ಹೆಚ್ಚಾಗಿ ಹೊಲದ ಒಂದು ಮೂಲೆ ಸವಳಾಗಿ ಬೆಳ್ಳಗೆ ಉಪ್ಪು ಕಾರಿದೆ. ಕೃಷಿ ಇಲಾಖೆಯವರು ಜಿಪ್ಸಂ ಹಾಕಲು ಹೇಳಿಹೋಗಿದ್ದಾರೆ.

“ಯವ್ವಾ, ಆ ಜಿಪ್ಸಂ ಹಾಕಿದರ ಮಣ್ಣಿಗೆ ಏನಾಗತೈತಿ? ನೀ ಓದಿದಾಕಿ, ನನಗ ತಿಳಿಯೂಹಂಗ ಹೇಳು.”

ಮಗಳು ಹೇಳತೊಡಗಿದಳು. ಇಂತಹ ನೆಲದಲ್ಲಿ ಸೋಡಿಯಂ ಎಂಬುದು ಜೇಡಿಯ ಕಣಗಳಿಗೆ ಅಂಟಿಕೊಂಡು ಮಣ್ಣನ್ನು ಕೆಸರಿನಂತೆ ಬಿಗಿಯುತ್ತದೆ. ನೀರು ಇಂಗದು, ಬೇರು ಇಳಿಯದು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂನ್ನು ಸ್ಥಳ ಬಿಡಿಸಿ ತಾನು ಅಲ್ಲಿ ಕೂಡುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಕೆಳಗಿಳಿಯುತ್ತದೆ.

“ಕೆಳಗ ಇಳಿದದ್ದು ಮತ್ತ ಮ್ಯಾಲ ಬರೂದಿಲ್ಲೇನು?”

ಅವಳು ಒಂದು ಕ್ಷಣ ತಡೆದಳು. ಬಳಿಕ ನಗುತ್ತ, ಬಸಿಗಾಲುವೆ ತೋಡಿ ಆ ನೀರನ್ನು ಹೊರಗೆ ಹರಿಸದಿದ್ದರೆ ಬರುತ್ತದೆ, ಆದುದರಿಂದ ಜಿಪ್ಸಂ ಒಂದರಿಂದಲೇ ಕೆಲಸವಾಗದು ಎಂದಳು. ಕತ್ತಲಾಗುವವರೆಗೆ ಮಾತು ಸಾಗಿತು. ಹತ್ತು ನಿಮಿಷ ಹೇಳಲಾರೆನೆಂದು ಓದು ಬಿಡಲು ಹೊರಟವಳು ಅರ್ಧ ಗಂಟೆ ಹೇಳಿದುದು ಅವಳಿಗೇ ಅರಿವಾಗಲಿಲ್ಲ. ಕೇಳುವವನಿಗೆ ತಿಳಿಯಬೇಕೆಂಬ ಒಂದೇ ಚಿಂತೆಯಲ್ಲಿ ತಾನು ಹೇಗೆ ಕಾಣುತ್ತೇನೆಂಬ ಚಿಂತೆ ಮುಳುಗಿಹೋಗಿತ್ತು.

ಆ ಮಾತನ್ನೇ ಅವಳು ತರಗತಿಗೂ ಒಯ್ದರೆ ಸೆಮಿನಾರು ನಡೆದಂತೆಯೇ. ಅಲ್ಲಿ ಧ್ವನಿ ನಡುಗೀತು, ಇಂಗ್ಲಿಷಿನ ಒಂದು ಪದ ತಪ್ಪೀತು, ಒಬ್ಬಿಬ್ಬರು ನಕ್ಕಾರು. ನಕ್ಕವರ ಹೊಲದಲ್ಲಿ ಸವಳಿಲ್ಲ. ಅದನ್ನು ಬಲ್ಲವಳು ಅವಳು. ಬಲ್ಲುದನ್ನು ಬೇಕಾದವರಿಗೆ ಬಡಿಸುವುದೇ ನುಡಿಯ ದಾಸೋಹ, ಅದನ್ನು ದಿನವೂ ಬಿಡದೆ ಮಾಡುವುದೇ ನುಡಿಯ ಕಾಯಕ. ಅಂಜಿಕೆಯು ಬಾಗಿಲಲ್ಲಿ ಬಂದು ನಿಂತರೆ ನಿಲ್ಲಲಿ. ಒಳಗೆ ಪಂಕ್ತಿ ಕುಳಿತಿರುವಾಗ ಬಡಿಸುವವರು ಕೈ ನಿಲ್ಲಿಸಬಾರದು.